ಗಿಫ್ಟ್ ಬೇರೆ, ಡೌರಿ ಬೇರೆ



ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈಗ ವರದಕ್ಷಿಣೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹಿಂದೆ ಅದಕ್ಕೆ ‘ವರೋಪಚಾರ’ ಎಂಬ ಮರ್ಯಾದೆಯ ಹೆಸರಿತ್ತು. ಈಗ ಬೀಗರು ಇಂಗ್ಲಿಷ್ ಕಲಿತಿದ್ದಾರೆ. “ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಗಿಫ್ಟ್ ಕೊಡ್ತೀರೋ ಕೊಡ್ರಿ” ಎನ್ನುತ್ತಾರೆ. ಅದೇ ಉಸಿರಿನಲ್ಲಿ ಬಂಗಾರ ಎಷ್ಟು ತೊಲೆ, ಬೈಕು ಯಾವ ಕಂಪನಿಯದು ಎಂದೂ ಹೇಳುತ್ತಾರೆ! ಮದುವೆಯಾದ ಮೇಲೆ ಕೇಳುವ ದುಡ್ಡಿಗೆ ‘ಹೆಲ್ಪ್’ ಎಂದು ಹೆಸರು. ಹುಡುಗಿ ಸುಟ್ಟು ಸತ್ತರೆ ‘ಆಕ್ಸಿಡೆಂಟ್’. ಊರ ಹಿರಿಯರು ಕೂತು ಎಲ್ಲವನ್ನೂ ಮುಚ್ಚಿಹಾಕಿದರೆ ಅದು ‘ಕಾಂಪ್ರಮೈಸ್’.

ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಒಂದೇ ಅರ್ಥದಂತೆ ಕಾಣುವ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ಬರೆಯಿರಿ ಎಂದರೆ ಪರೀಕ್ಷೆಯಲ್ಲಿ ಎರಡು ಅಂಕ. ಆದರೆ ಠಾಣೆಯಲ್ಲಿ, ಕೋರ್ಟಿನಲ್ಲಿ ಅದೇ ವ್ಯತ್ಯಾಸದ ಬೆಲೆ ಒಂದು ಹೆಣ್ಣಿನ ಜೀವ. ಆದ್ದರಿಂದ ಈ ಪಾಠ ಕಾಲೇಜು ಹುಡುಗಿಯರಿಗಿಂತ ಮೊದಲು ಹೆಬ್ಬೆಟ್ಟು ಒತ್ತುವ ತಾಯಂದಿರಿಗೆ ಬೇಕು.

ಮೊದಲು ಗಿಫ್ಟ್ ಮತ್ತು ಡೌರಿ. ಕೇಳದೆ ಕೊಟ್ಟದ್ದು ಗಿಫ್ಟ್. ಕೇಳಿ ಪಡೆದದ್ದು ಡೌರಿ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಉಡುಗೊರೆಯನ್ನು ತಡೆಯುವುದಿಲ್ಲ, ಆದರೆ ಷರತ್ತು ಹಾಕುತ್ತದೆ. ಯಾರೂ ಒತ್ತಾಯಿಸಿರಬಾರದು. ವರನಿಗೆ ಕೊಡುವುದು ರೂಢಿಯಲ್ಲಿ ಇದ್ದದ್ದೇ ಆಗಿರಬೇಕು, ಕೊಡುವವರ ಯೋಗ್ಯತೆ ಮೀರಿರಬಾರದು. ಕೊಟ್ಟದ್ದೆಲ್ಲ ಪಟ್ಟಿಯಲ್ಲಿರಬೇಕು. ಆ ಪಟ್ಟಿಗೆ ವಧು ವರ ಇಬ್ಬರೂ ಸಹಿ ಮಾಡಬೇಕು, ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಹತ್ತಿರವೇ ಇರಬೇಕು ಎಂದು 1985ರ ನಿಯಮ ಹೇಳುತ್ತದೆ. ನಮ್ಮ ಕಡೆ ಎಷ್ಟು ಮದುವೆಗಳಲ್ಲಿ ಇಂಥ ಪಟ್ಟಿ ಕಂಡಿದ್ದೀರಿ? ಮುಯ್ಯಿ ಬರೆಯಲು ಪುಸ್ತಕ ಇಟ್ಟು ಒಬ್ಬನನ್ನು ಕೂರಿಸುತ್ತೇವೆ. ಮಗಳ ಬಂಗಾರ ಬರೆಯಲು ಒಂದು ಹಾಳೆ ಸಿಗುವುದಿಲ್ಲ!

ಇನ್ನು ಹೆಲ್ಪ್ ಮತ್ತು ಡಿಮ್ಯಾಂಡ್. ಇಲ್ಲಿ ಕಾಯಿದೆಯ ಒಂದೇ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮೊದಲು ಕಾಯಿದೆಯಲ್ಲಿ ‘ಕನ್ಸಿಡರೇಷನ್’ ಎಂದಿತ್ತು. ಎಂದರೆ ಮದುವೆಯ ಪ್ರತಿಫಲವಾಗಿ ಕೊಟ್ಟದ್ದು ಮಾತ್ರ ಡೌರಿ. “ಮದುವೆಗಾಗಿ ಕೇಳಲಿಲ್ಲ, ಪ್ರೀತಿಯಿಂದ ಕೊಟ್ಟರು” ಎಂದು ಜಾರಿಕೊಳ್ಳುವುದು ಸುಲಭವಾಗಿತ್ತು. ಮಹಿಳಾ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಕಾಲದಲ್ಲಿ, 1984ರ ತಿದ್ದುಪಡಿ ಆ ಪದ ತೆಗೆದು ‘ಕನೆಕ್ಷನ್’ ಎಂಬ ಪದ ತಂದಿತು. ಈಗ ಮದುವೆಗೆ ಸಂಬಂಧಪಟ್ಟು ಕೇಳಿದ್ದೆಲ್ಲ ಡೌರಿ. 1986ರಲ್ಲಿ ‘ಮದುವೆಯ ನಂತರ ಯಾವಾಗಲಾದರೂ’ ಎಂಬ ಮಾತೂ ಸೇರಿತು.

ಇಷ್ಟಾದರೂ 2007ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ, ಮನೆಖರ್ಚಿಗೆ, ಗೊಬ್ಬರಕ್ಕೆ ತವರಿನಿಂದ ದುಡ್ಡು ತಾ ಎಂದದ್ದು ಡೌರಿ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೆಣ್ಣು ಸತ್ತಿದ್ದಳು, ಆರೋಪಿಗಳು ಬಿಡುಗಡೆಯಾದರು. ಮಳೆ ನಂಬಿದ ನಮ್ಮ ಸೀಮೆಯಲ್ಲಿ ಯಾವ ಮನೆಯಲ್ಲಿ ಗೊಬ್ಬರಕ್ಕೆ, ಬೋರ್‌ವೆಲ್ಲಿಗೆ ದುಡ್ಡು ಬೇಡ? ಹಾಗಾದರೆ ಯಾವ ಗಂಡ ಬೇಕಾದರೂ ತಪ್ಪಿಸಿಕೊಳ್ಳಬಹುದಿತ್ತು! 2015ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಅರ್ಥವನ್ನು ತಳ್ಳಿಹಾಕಿತು. 2022ರಲ್ಲಿ, ಮನೆ ಕಟ್ಟಲು ದುಡ್ಡು ತಾ ಎಂದು ಪೀಡಿಸಿದ್ದೂ ಡೌರಿಯೇ ಎಂದು ಅದೇ ನ್ಯಾಯಾಲಯ ಹೇಳಿತು. ಕೇಳುವವನು ಅದಕ್ಕೆ ಯಾವ ಹೆಸರಿಟ್ಟ ಎಂಬುದು ಮುಖ್ಯವಲ್ಲ. ಕೊಡದಿದ್ದರೆ ಹೆಣ್ಣಿಗೆ ಏನಾಯಿತು ಎಂಬುದು ಮುಖ್ಯ.

ಮೂರನೆಯದು ‘ಸೂನ್’ ಮತ್ತು ‘ಇಮ್ಮೀಡಿಯೆಟ್’. ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ‘ಸೂನ್ ಬಿಫೋರ್’ ವರದಕ್ಷಿಣೆಗಾಗಿ ಅವಳಿಗೆ ಕಿರುಕುಳ ಆಗಿದ್ದರೆ ಅದು ಡೌರಿ ಡೆತ್. ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಹಿಂದೆ ಇದು ದಂಡಸಂಹಿತೆಯ 304 ಬಿ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಂ. “ಸಾಯುವ ಹಿಂದಿನ ದಿನ ಜಗಳವೇ ಆಗಿರಲಿಲ್ಲ” ಎಂದು ಅತ್ತೆಮನೆಯವರ ವಕೀಲರು ವಾದಿಸುತ್ತಾರೆ. ಆದರೆ ಸೂನ್ ಎಂದರೆ ಆ ಕ್ಷಣಕ್ಕೆ ಮುಂಚೆ ಎಂದಲ್ಲ, ಕಿರುಕುಳಕ್ಕೂ ಸಾವಿಗೂ ಜೀವಂತ ನಂಟು ಇದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2021ರಲ್ಲೂ ಹೇಳಿದೆ. ಆದ್ದರಿಂದ ಮಗಳು ಅಳುತ್ತಾ ತವರಿಗೆ ಬಂದ ದಿನ, ಅವಳು ಫೋನ್ ಮಾಡಿದ ದಿನ, ಹಿರಿಯರು ಸೇರಿದ ದಿನ, ಎಲ್ಲ ತಾರೀಖು ಬರೆದಿಡಿ.

ಕೊನೆಗೆ ಯು.ಡಿ.ಆರ್. ಮತ್ತು ಎಫ್.ಐ.ಆರ್. ಮೊದಲನೆಯದು ಅಸ್ವಾಭಾವಿಕ ಸಾವಿನ ವರದಿ. ಅದರಲ್ಲಿ ಸತ್ತವಳು ಇರುತ್ತಾಳೆ, ಆರೋಪಿ ಇರುವುದಿಲ್ಲ. ಎರಡನೆಯದು ಅಪರಾಧದ ವರದಿ. ಸ್ಟೌ ಸಿಡಿದು ಸೊಸೆಯರೇ ಯಾಕೆ ಸಾಯುತ್ತಾರೆ, ಅತ್ತೆ ಮಾವ ಗಂಡ ಯಾಕೆ ಸಾಯುವುದಿಲ್ಲ ಎಂದು 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾದಂಥ ಸಂಘಟನೆಗಳು ಕೇಳಿದ್ದು ಇದೇ ಕಾರಣಕ್ಕೆ. ಸುಸೈಡ್ ಎಂದು ಬರೆದ ಮಾತ್ರಕ್ಕೆ ಮುಗಿಯುವುದಿಲ್ಲ, ಆತ್ಮಹತ್ಯೆಯೂ ಡೌರಿ ಡೆತ್ ಆಗಬಹುದು. ಶವಪರೀಕ್ಷೆ ಆಗಲಿ, ತಹಸೀಲ್ದಾರರ ಎದುರು ಪಂಚನಾಮೆ ನಡೆಯಲಿ ಎಂದು ಹಟ ಹಿಡಿಯಿರಿ. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು ಓದಿ ಹೇಳಬೇಕು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ಉಪಕಾರವಲ್ಲ, ಕಾನೂನು.

“ವರದಕ್ಷಿಣೆ ಕೊಟ್ಟ ನೀವೂ ಒಳಗೆ ಹೋಗ್ತೀರಿ” ಎಂದು ಹೆದರಿಸುವವರಿದ್ದಾರೆ. ಕೊಡುವುದೂ ಅಪರಾಧವೇ, ನಿಜ. ಆದರೆ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಈ ಕಾಯಿದೆಯಡಿ ಕೇಸು ಹಾಕುವಂತಿಲ್ಲ ಎಂದು 7ನೆಯ ಕಲಂ ರಕ್ಷಣೆ ಕೊಟ್ಟಿದೆ.

ಪೊಲೀಸರನ್ನು, ಬೀಗರನ್ನು ಬೈದದ್ದಾಯಿತು. ಈಗ ನಮ್ಮ ಪುಸ್ತಕವನ್ನೂ ತೆರೆಯೋಣ. ಸಂಘದ ಸಾಲದ ಪುಸ್ತಕದಲ್ಲಿ ‘ಮಗಳ ಮದುವೆ’ ಎಂದು ಬರೆಯುತ್ತೇವಲ್ಲ, ಅದರಲ್ಲಿ ಊಟಕ್ಕೆ ಎಷ್ಟು, ಅಳಿಯನ ಬೈಕಿಗೆ ಎಷ್ಟು? ವಾರ ವಾರ ಕೂಲಿಯಲ್ಲಿ ಉಳಿಸಿ ಕಟ್ಟಿದ ದುಡ್ಡು ಡೌರಿಯಾಗಿ ಹೋಗುತ್ತಿದ್ದರೆ, ಆ ಸಂಘ ಹೆಂಗಸರದೋ ಬೀಗರದೋ? ಮುಂದಿನ ಸಭೆಯಲ್ಲಿ ಠರಾವು ಮಾಡಿ: ವರದಕ್ಷಿಣೆಗೆ ಸಂಘದ ಒಂದು ರೂಪಾಯಿಯೂ ಇಲ್ಲ. ಪ್ರತಿ ಮದುವೆಗೂ ಉಡುಗೊರೆ ಪಟ್ಟಿ ಆಗಲೇಬೇಕು. ಸದಸ್ಯೆಯ ಮಗಳಿಗೆ ತೊಂದರೆಯಾದರೆ ನಾಲ್ಕು ಮಂದಿ ಒಟ್ಟಿಗೆ ಠಾಣೆಗೆ ಹೋಗಬೇಕು. 181ಕ್ಕೆ ಫೋನ್ ಮಾಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರು ಪುಕ್ಕಟೆ.

ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ಸಾಹೇಬ್ರೇ, ಇದರಾಗ ಯಾವ ಪದ ಬರ್ದೀರಿ? ಓದಿ ಹೇಳ್ರಿ.” ಅವರು ಓದಿ ಹೇಳುವ ತನಕ ಕುರ್ಚಿ ಬಿಟ್ಟು ಏಳಬೇಡಿ.