ಹಾಗಾದರೆ ಕೊಂದವರು ಯಾರು?

2000ನೇ ಇಸವಿಯ ಮಾರ್ಚ್ 11ರಂದು, ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲೂಕಿಗೆ ಸೇರಿದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಕೋಲಾರದ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಕರ್ನಾಟಕ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಮನೆ ಉರಿದದ್ದು ಸುಳ್ಳಲ್ಲ, ಏಳು ಹೆಣಗಳೂ ಸುಳ್ಳಲ್ಲ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅವರನ್ನು ಯಾರೂ ಕೊಂದಿಲ್ಲ.

ಹಾಗಾದರೆ ಕೊಂದವರು ಯಾರು?

ಪೈವಳಿಕೆಯಲ್ಲಿ ಕುಳಿತವನಿಗೆ ಈ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. "ಅದೆಲ್ಲ ಘಟ್ಟದ ಮೇಲಿನ ಕತೆ ಮಾರಾಯ್ರೆ. ನಾವು ಕೇರಳದಲ್ಲಿದ್ದೇವೆ. ನಾರಾಯಣ ಗುರುಗಳು, ಅಯ್ಯಂಕಾಳಿ ಹುಟ್ಟಿದ ನಾಡು ಇದು" ಎನ್ನುತ್ತಾರೆ ನನ್ನ ಮಲಯಾಳಿ ಮಿತ್ರರು. ಕನ್ನಡದ ಗೆಳೆಯರದ್ದು ಬೇರೆಯೇ ತಕರಾರು: "ಬರೆಯುವುದಿದ್ದರೆ 1956ರ ನವೆಂಬರ್ ಒಂದರಿಂದ ನಮಗಾದ ಅನ್ಯಾಯವನ್ನು ಬರೆಯಿರಿ." ಎರಡು ಭಾಷೆಯವರ ನಡುವೆ ಇಷ್ಟೊಂದು ಒಮ್ಮತ ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. ಆದ್ದರಿಂದ ಇಬ್ಬರಿಗೂ ಒಟ್ಟಿಗೇ ಉತ್ತರಿಸುತ್ತೇನೆ.

ಮೊದಲು ನಮ್ಮ ನೆರೆಯ ಎಣ್ಮಕಜೆ ಪಂಚಾಯತನ್ನೇ ನೋಡೋಣ. ಅಲ್ಲಿ ಸ್ವರ್ಗ ಎಂಬ ಊರಿದೆ. ಆ ಸ್ವರ್ಗದ ಜಟಾಧಾರಿ ದೈವಸ್ಥಾನದ 18 ಮೆಟ್ಟಿಲುಗಳನ್ನು ದಲಿತರು ಹತ್ತಬಾರದೆಂಬ ಕಟ್ಟಳೆ ಮುರಿದದ್ದು 2018ರಲ್ಲಿ. ತಿರುವಿತಾಂಕೂರಿನ ದೇವಸ್ಥಾನ ಪ್ರವೇಶ ಘೋಷಣೆ ಹೊರಟದ್ದು 1936ರಲ್ಲಿ. ದಕ್ಷಿಣದ ಆ ಬೆಳಕು ನಮ್ಮ ಗುಡ್ಡ ಹತ್ತುವುದಕ್ಕೆ 82 ವರ್ಷ ಬೇಕಾಯಿತು.

ಇನ್ನು ಕಡತಗಳ ಮಾತು. ನಮ್ಮದೇ ಕಾಸರಗೋಡು ಜಿಲ್ಲೆಯ ಪೂರ್ವದ ಮಲೆಪ್ರದೇಶದ ಒಬ್ಬ ಆದಿವಾಸಿ ಹುಡುಗಿ, ಕಾಞಂಗಾಡಿನಲ್ಲಿ ಓದುತ್ತಿದ್ದವಳು, 2010ರಲ್ಲಿ ಕಾಣೆಯಾದಳು. ಅವಳಿಗಾಗ 17 ವರ್ಷ. ಹೈಕೋರ್ಟಿನ ತನಕ ಹೋದ ಮೇಲೆ, ತನಿಖೆ ಕ್ರೈಂ ಬ್ರ್ಯಾಂಚಿನ ಕೈಸೇರಿದ ಮೇಲೆ, ಈ ಪ್ರಕರಣದಲ್ಲಿ ಒಬ್ಬನ ಬಂಧನವಾದದ್ದು 2025ರ ಮೇ ತಿಂಗಳಲ್ಲಿ. ಬಂಧಿತನು ಅಪರಾಧಿಯೋ ಅಲ್ಲವೋ ಎಂದು ಹೇಳಬೇಕಾದ್ದು ನ್ಯಾಯಾಲಯ, ನಾನಲ್ಲ. ನನ್ನ ಪ್ರಶ್ನೆ ಆ 15 ವರ್ಷಗಳದ್ದು. ಪೇಟೆಯ ದೊಡ್ಡ ಮನೆಯ ಮಗಳೊಬ್ಬಳು ಕಾಣೆಯಾಗಿದ್ದರೆ ಇಷ್ಟು ವರ್ಷ ಹಿಡಿಯುತ್ತಿತ್ತೇ? ಗುಡ್ಡದ ಮೇಲಿನ ಹುಡುಗಿ ಮನೆಗೆ ಬಾರದಿದ್ದರೆ "ಯಾರ ಜೊತೆಗೋ ಹೋಗಿರಬೇಕು" ಎಂಬ ಮಾತು ನಮ್ಮ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ! ಒಂದು ಕಡತವನ್ನು ತಣ್ಣಗಾಗಿಸಲು ಬೇಕಾದ ಮೊದಲ ಕೊಡ ನೀರು ಈ ಮಾತೇ.

ಕಡತ ತಾನಾಗಿ ತಣಿಯುವುದಿಲ್ಲ, ತಣಿಸುವವರು ಇರುತ್ತಾರೆ. ಕಂಬಾಲಪಲ್ಲಿಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರಂತೆ ಪ್ರತಿಕೂಲವಾದರು. ಅದನ್ನು ಓದಿ "ಹಣ ತಿಂದರು" ಎಂದು ನಕ್ಕವರಿದ್ದಾರೆ. ಅವರು ಒಂದು ಲೆಕ್ಕ ಹಾಕಲಿ. ಕೊಲೆ ನಡೆದದ್ದು 2000ದಲ್ಲಿ, ತೀರ್ಪು ಬಂದದ್ದು 2006ರಲ್ಲಿ. ಈ ನಡುವಿನ ವರ್ಷಗಳಲ್ಲಿ ಬಡ ಸಾಕ್ಷಿ ಕೂಲಿಗೆ ಹೋಗಬೇಕಾದ ಹೊಲ ಯಾರದ್ದು? ಸಾಲ ಕೇಳಬೇಕಾದ ಜಗಲಿ ಯಾರದ್ದು? ನ್ಯಾಯಾಲಯದ ಕಟಕಟೆಯಲ್ಲಿ ಅವನು ನಿಲ್ಲುವುದು ಅರ್ಧ ಗಂಟೆ, ಊರಿನಲ್ಲಿ ಬದುಕಬೇಕಾದ್ದು ಜೀವಮಾನವಿಡೀ. ಆ ಭಯಕ್ಕೆ ಸರಕಾರ ಏನು ಮಾಡಿತು ಎಂದು ಕೇಳದೆ ಸಾಕ್ಷಿಯ ನಾಲಿಗೆಯನ್ನು ಹಳಿಯುವುದು ಕೊಂದವರ ಪಕ್ಷ ವಹಿಸಿದಂತೆಯೇ.

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಹುಡುಗನನ್ನು ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಟ್ಟುಬಿಟ್ಟಿತು. ಮರುವರ್ಷ ಅವರು ಪತ್ರಿಕೆಯೊಂದಕ್ಕೆ "ಹೌದು, ಕೊಂದೆವು" ಎಂದು ಹೇಳಿಕೊಂಡರು; ಯಾರೂ ಅವರ ಕೂದಲು ಕೊಂಕಿಸಲಿಲ್ಲ. ಅದೇ ರಾಜ್ಯದಲ್ಲಿ 1963ರಲ್ಲಿ ಮೆಡ್ಗರ್ ಎವರ್ಸ್ ಎಂಬ ಹೋರಾಟಗಾರನನ್ನು ಅವನ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. ಎರಡು ಬಾರಿ ವಿಚಾರಣೆ ನಡೆದರೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ 1994ರಲ್ಲಿ, ಜೆರ್ರಿ ಮಿಚೆಲ್ ಎಂಬ ಪತ್ರಕರ್ತ ಹಳೆಯ ಕಾಗದಗಳನ್ನು ಬಿಡದೆ ಕೆದಕಿದ ಮೇಲೆ, ಕೊಲೆಗಾರನಿಗೆ ಶಿಕ್ಷೆಯಾಯಿತು. 1964ರ ಜೂನ್ 21ರಂದು ಅಲ್ಲೇ ಮೂವರು ತರುಣರನ್ನು ಕೊಂದ ಪ್ರಕರಣದಲ್ಲಿ ಒಬ್ಬ ಮುಖಂಡ ಅಪರಾಧಿಯೆಂದು ತೀರ್ಪಾದದ್ದು 2005ರ ಜೂನ್ 21ರಂದು, ಸರಿಯಾಗಿ 41 ವರ್ಷಕ್ಕೆ. 2008ರಲ್ಲಿ ಆ ದೇಶ ಎಮೆಟ್ ಟಿಲ್‌ನ ಹೆಸರಿನಲ್ಲೇ ಕಾಯ್ದೆ ಮಾಡಿ, ಅಂಥ ಹಳೆಯ ಕೊಲೆಗಳ ಕಡತಗಳನ್ನು ಮತ್ತೆ ತೆರೆಯುವ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿತು. ಅದರಿಂದ ಶಿಕ್ಷೆಯಾದದ್ದು ತೀರ ಕಡಿಮೆ. ಸಾಕ್ಷಿಗಳು ಸತ್ತಿದ್ದರು, ಕೊಲೆಗಾರರೂ ಸತ್ತಿದ್ದರು. ಆದರೂ ಸತ್ತವರ ಮನೆಗೆ ಸರಕಾರದ ಕಾಗದ ಬಂತು: ನಮಗೆ ತಿಳಿದದ್ದು ಇಷ್ಟು, ಮುಂದೆ ಹೋಗಲಾಗದ ಕಾರಣ ಇಂಥದ್ದು ಎಂದು. ಕಂಬಾಲಪಲ್ಲಿಗೆ ಅಂಥ ಒಂದು ಸಾಲು ಬರೆಯುವ ಹೊಣೆ ನಮ್ಮ ಯಾವ ಕಾಯ್ದೆಯಲ್ಲಿದೆ?

"ಒಮ್ಮೆ ಬಿಡುಗಡೆಯಾದವರನ್ನು ಮತ್ತೆ ವಿಚಾರಿಸುವಂತಿಲ್ಲ" ಎನ್ನುತ್ತಾರೆ ಕಾನೂನು ಬಲ್ಲವರು. ಅಂತಿಮವಾದ ಬಿಡುಗಡೆಯ ಬಗ್ಗೆ ಅವರ ಮಾತು ಸರಿ. ಆದರೆ ಅದನ್ನು ಅಂತಿಮವಾಗಲು ಬಿಟ್ಟವರು ಯಾರು? ವಡೋದರದ ಬೆಸ್ಟ್ ಬೇಕರಿ ಪ್ರಕರಣವನ್ನು ನೆನಪಿಸಿಕೊಳ್ಳಿ. 2002ರಲ್ಲಿ 14 ಜೀವಗಳು ಹೋದವು, ಸಾಕ್ಷಿಗಳು ತಿರುಗಿಬಿದ್ದರು, 2003ರಲ್ಲಿ 21 ಆರೋಪಿಗಳೂ ಬಿಡುಗಡೆಯಾದರು. 2004ರಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಯನ್ನೇ ಅಳಿಸಿಹಾಕಿ, ರಾಜ್ಯದ ಹೊರಗೆ ಮುಂಬಯಿಯಲ್ಲಿ ಮರುವಿಚಾರಣೆ ನಡೆಸಲು ಹೇಳಿತು. 2006ರಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಯಿತು. ದಾರಿ ಇರಲಿಲ್ಲ ಎನ್ನುವಂತಿಲ್ಲ. ನಡೆಯುವ ಮನಸ್ಸಿರಲಿಲ್ಲ.

ಕಾನೂನೂ ಇಲ್ಲದೆ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. 2015ರ ತಿದ್ದುಪಡಿ ಸಾಕ್ಷಿಗಳ ರಕ್ಷಣೆಯನ್ನು ಹಕ್ಕಾಗಿಸಿತು. ಬೇಕೆಂದೇ ಕರ್ತವ್ಯ ಮರೆಯುವ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣೆಯ ಯೋಜನೆಯೊಂದನ್ನು ಇಡೀ ದೇಶಕ್ಕೆ ಕಡ್ಡಾಯಗೊಳಿಸಿತು. ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಕೊಪ್ಪಳ ಜಿಲ್ಲೆಯ ಮರಕುಂಬಿ ಇದೆ. 2014ರಲ್ಲಿ ಅಲ್ಲಿನ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಊರಿಗೆ ಊರೇ ಸೇರಿ ಮಾಡಿದರೆ ಯಾರ ಮೇಲೂ ಬರುವುದಿಲ್ಲ ಎಂಬ ಹಳೆಯ ಧೈರ್ಯವಾದರೂ ಅಂದು ಸ್ವಲ್ಪ ಅಲುಗಿತು.

ಈಗ ನನ್ನ ಕನ್ನಡದ ಗೆಳೆಯರಿಗೆ ಒಂದು ಮಾತು. ಓದಲು ಬಾರದ ಭಾಷೆಯಲ್ಲಿ ಬಂದ ಸರಕಾರಿ ನೋಟೀಸನ್ನು ಕೈಯಲ್ಲಿ ಹಿಡಿದು ನಿಂತವನ ಸಂಕಟ ನಮಗೆ ಗೊತ್ತು. ಕಚೇರಿಯ ಕಿಟಕಿಯಲ್ಲಿ ನಮ್ಮ ಮಾತು ಕೇಳಿಸದಂತೆ ನಟಿಸುವವರ ಮುಖವೂ ಗೊತ್ತು. ಅದು ಗೊತ್ತಿದ್ದವರು, ತನ್ನ ಸ್ವಂತ ಭಾಷೆಯಲ್ಲೇ ಕೂಗಿದರೂ ಕೇಳಿಸಿಕೊಳ್ಳುವವರಿಲ್ಲದ ಕೊರಗನ, ಮೊಗೇರನ, ಮಾವಿಲನ ಪರವಾಗಿ ಎಲ್ಲರಿಗಿಂತ ಮೊದಲು ಏಳಬೇಕಿತ್ತು. ನಾವು ಎದ್ದಿಲ್ಲ. ಭಾಷೆಯ ಅನ್ಯಾಯಕ್ಕೆ ಮೆರವಣಿಗೆ ಹೊರಡಿಸುವ ನಾವು ಜಾತಿಯ ಅನ್ಯಾಯ ಬಂದಾಗ "ಹಳೆಯ ಗಾಯ ಕೆದಕಬೇಡಿ" ಎನ್ನುತ್ತೇವೆ. ಗಾಯ ಯಾರ ಮೈಮೇಲಿದೆಯೋ ಅವರು ಹೇಳಲಿ ಅದು ಹಳೆಯದೋ ಹೊಸತೋ ಎಂದು.

ನಾನು ಕೇಳುವುದು ಮೂರೇ ಸಂಗತಿ. ದಲಿತರ, ಆದಿವಾಸಿಗಳ ಕೊಲೆ ಮತ್ತು ನಾಪತ್ತೆಯ ಮುಗಿಯದ ಕಡತಗಳ ಪಟ್ಟಿಯನ್ನು ಎರಡೂ ರಾಜ್ಯಗಳು ಜಿಲ್ಲಾವಾರು ಪ್ರಕಟಿಸಲಿ; ನಮ್ಮ ಜಿಲ್ಲೆಯದನ್ನು ಕನ್ನಡದಲ್ಲೂ ಮಲಯಾಳದಲ್ಲೂ. ಸಾಕ್ಷಿಗಳು ತಿರುಗಿಬಿದ್ದು ಬಿಡುಗಡೆಯಾದಲ್ಲೆಲ್ಲ ಸರಕಾರ ಮೇಲಿನ ನ್ಯಾಯಾಲಯಕ್ಕೆ ಹೋಗಿ, ಜಿಲ್ಲೆಯ ಹೊರಗೆ ಮರುವಿಚಾರಣೆ ಕೇಳಲಿ. ಯಾವ ಅಧಿಕಾರಿಯ ಮೇಜಿನ ಮೇಲೆ ಯಾವ ಕಡತ ಎಷ್ಟು ವರ್ಷ ಮಲಗಿತ್ತು ಎಂಬುದು ಹೆಸರಿನೊಂದಿಗೆ ಹೊರಗೆ ಬರಲಿ.

ಇದು ಆಗುವವರೆಗೆ ಏಳು ಮಂದಿಯ ಸಾವಿಗೆ ಕಾನೂನು ಕೊಟ್ಟ ಉತ್ತರ ಒಂದೇ: ಯಾರೂ ಅಲ್ಲ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ನೀವು ಒಪ್ಪುತ್ತೀರಾ?