ವೀಲ್ ಅಲೈನ್‌ಮೆಂಟ್ ಎಂಬ ಮಂತ್ರವಿದ್ಯೆ

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಕಾರಿನ ವೀಲ್ ಅಲೈನ್‌ಮೆಂಟ್ ಮನೆ ಮುಂದೆ ನಾವೇ ನೋಡ್ಕೋಬಹುದು ಅಂದಾಗಲೆಲ್ಲ ಆಫೀಸಿನ ಗೆಳೆಯರು ನಗ್ತಾರೆ. "ಅದಕ್ಕೆಲ್ಲ ತ್ರೀ-ಡಿ ಮಶೀನ್ ಬೇಕಪ್ಪಾ, ಕ್ಯಾಮೆರಾ ಬೇಕು" ಅಂತಾರೆ. ಹೀಗನ್ನೋರಲ್ಲಿ ಎಷ್ಟೋ ಜನ ನನ್ನ ಹಾಗೇ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವರು. ಡೇವಿಸ್ ಸ್ಟೀರಿಂಗಿಗೂ ಆಕರ್ಮನ್ ಸ್ಟೀರಿಂಗಿಗೂ ಇರೋ ವ್ಯತ್ಯಾಸ ಬಾಯಿಪಾಠ ಮಾಡಿ, ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡವರು. ಆ ಆಕರ್ಮನ್ ಪೇಟೆಂಟ್ ತಗೊಂಡಿದ್ದು 1818ರಲ್ಲಿ, ಕುದುರೆ ಗಾಡಿಗೆ. ಕುದುರೆ ಗಾಡಿಯ ಕಾಲದ ಜ್ಯಾಮಿತಿ ನೋಡಿ ಇವತ್ತಿನ ಇಂಜಿನಿಯರ್ ಹೆದರ್ತಾನೆ ಅಂದರೆ ಏನು ಹೇಳೋದು ಸ್ವಾಮಿ?

ಅಲೈನ್‌ಮೆಂಟ್ ಅಂದರೆ ಮೂರು ಕೋನ ಅಷ್ಟೇ. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರ ಸಮಾನಾಂತರವಾಗಿವೆಯೋ, ಒಳಕ್ಕೋ ಹೊರಕ್ಕೋ ತಿರುಗಿವೆಯೋ ಅನ್ನೋದು ಟೋ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೋ ಹೊರಗೋ ವಾಲಿರೋದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗೋ ಅಕ್ಷ ಹಿಂದಕ್ಕೆ ಒರಗಿರೋದು ಕ್ಯಾಸ್ಟರ್ (ಸೈಕಲ್ಲಿನ ಮುಂದಿನ ಫೋರ್ಕ್ ನೆನೆಸ್ಕೊಳ್ಳಿ). ನಮ್ಮಲ್ಲಿ ಓಡೋ ಬಹುಪಾಲು ಸಣ್ಣ ಕಾರುಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗಿಸಿ ಸರಿಮಾಡೋಕೆ ಕೊಟ್ಟಿರೋದು ಒಂದೇ ಒಂದು, ಮುಂದಿನ ಟೋ. ಉಳಿದದ್ದು ಮಶೀನ್ ಪರದೆ ಮೇಲೆ ಕೆಂಪಾಗಿಯೋ ಹಸಿರಾಗಿಯೋ ಕಾಣ್ಸುತ್ತೆ, ಅಷ್ಟೆ.

ಆ ಒಂದು ಟೋ ಮಾತ್ರ ಬಹಳ ಮುಖ್ಯ. ಲೆಕ್ಕ ನೋಡಿ. 14 ಇಂಚಿನ ರಿಮ್ ಅಂದರೆ 355.6 ಮಿ.ಮೀ. ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 1 ಮಿ.ಮೀ. ವ್ಯತ್ಯಾಸ ಇದ್ದರೆ ಕೋನ ಸುಮಾರು 0.16 ಡಿಗ್ರಿ. ಬರೀ ಜ್ಯಾಮಿತಿ ಪ್ರಕಾರ ಆ ಚಕ್ರ ಪ್ರತಿ ಕಿಲೋಮೀಟರಿಗೆ 2.8 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತೆ. ವ್ಯತ್ಯಾಸ 3 ಮಿ.ಮೀ. ಇದ್ದರೆ 10,000 ಕಿ.ಮೀ.ಗೆ 84 ಕಿಲೋಮೀಟರ್! ಬೆಂಗಳೂರಿಂದ ಮದ್ದೂರಿನ ತನಕ ಟೈರನ್ನು ಅಡ್ಡಕ್ಕೆ ಎಳ್ಕೊಂಡು ಹೋದ ಹಾಗೆ, ಅದೂ ವಡೆ ತಿನ್ನದೆ :-) ಟೈರು ಒಂದು ಅಂಚಲ್ಲಿ ಗರಗಸದ ಹಲ್ಲಿನ ಹಾಗೆ ಸವೆಯೋದು ಇದಕ್ಕೇ. ಸವೆದ ಟೈರು ಮಳೆಯಲ್ಲಿ ಬ್ರೇಕ್ ಹಿಡಿಯಲ್ಲ, ಹಾಗಾಗಿ ಇದು ದುಡ್ಡಿನ ಮಾತಷ್ಟೇ ಅಲ್ಲ.

ಈಗ ಅಳೆಯೋದು ಹೇಗೆ? ಬೇಕಾಗಿರೋದು ಸಮತಟ್ಟು ನೆಲ, ಗಾರೆಯವರು ಗೋಡೆ ಎತ್ತುವಾಗ ಕಟ್ಟೋ ದಾರ, ನಾಲ್ಕು ಸ್ಟ್ಯಾಂಡು (ಸ್ಟೂಲಾದ್ರೂ ಆಯ್ತು) ಮತ್ತೆ ಒಂದು ಸ್ಟೀಲ್ ಸ್ಕೇಲು. ಟೈರಿಗೆ ಸರಿಯಾದ ಗಾಳಿ ಹಾಕಿ, ಸ್ಟೀರಿಂಗ್ ನೇರ ಇಟ್ಟು, ಕಾರನ್ನು ಒಂದೆರಡು ಮೀಟರ್ ಹಿಂದೆಮುಂದೆ ತಳ್ಳಿ ನಿಲ್ಲಿಸಿ. ಎರಡೂ ಪಕ್ಕ ಚಕ್ರದ ನಡುಮಟ್ಟಕ್ಕೆ ದಾರ ಬಿಗಿದು ಕಟ್ಟಿ. ಮುಂದಿನ ಎರಡು ಹಬ್‌ಗಳಿಂದ ದಾರ ಒಂದೇ ದೂರ ಇರಬೇಕು, ಹಿಂದಿನ ಎರಡಕ್ಕೂ ಹಾಗೇ. ಮುಂದಿನ ದೂರವೂ ಹಿಂದಿನ ದೂರವೂ ಒಂದೇ ಬರಬೇಕು ಅಂತ ಹಟ ಹಿಡೀಬೇಡಿ, ಮುಂದಿನ ಚಕ್ರಗಳ ಅಂತರಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇರುತ್ತೆ. ಅದರ ಬದಲು ಎರಡು ದಾರಗಳ ನಡುವಿನ ಅಂತರ ಕಾರಿನ ಮುಂದೂ ಹಿಂದೂ ಒಂದೇ ಇದೆಯಾ ನೋಡಿ.

ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ, ಹಿಂದಿನ ಅಂಚಿಗೆ ಅಳೆಯಿರಿ. ಮುಂದಿನ ಅಳತೆ ಹೆಚ್ಚಿದ್ದರೆ ಟೋ-ಇನ್, ಕಮ್ಮಿ ಇದ್ದರೆ ಟೋ-ಔಟ್. ರಿಮ್ಮೇ ಸೊಟ್ಟ ಇರಬಹುದು, ಅದಕ್ಕೆ ಕಾರನ್ನು ಚಕ್ರ ಅರ್ಧ ಸುತ್ತು ತಿರುಗೋವಷ್ಟು ತಳ್ಳಿ, ದಾರ ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆದು ಸರಾಸರಿ ತಗೊಳ್ಳಿ. ನಿಮ್ಮ ಕಾರಿಗೆ ಎಷ್ಟಿರಬೇಕು ಅನ್ನೋದು ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ.

ಸರಿ ಮಾಡಬೇಕಾದರೆ ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಬೇಕು. ಒಂದು ಪೂರ್ತಿ ಸುತ್ತಿಗೆ ಸುಮಾರು ಅರ್ಧ ಡಿಗ್ರಿ ಬದಲಾಗುತ್ತೆ, ಹಾಗಾಗಿ ಕಾಲು ಸುತ್ತಿಗಿಂತ ಹೆಚ್ಚಿಗೆ ಒಂದೇ ಸಲ ಹೋಗ್ಬೇಡಿ. ಎರಡೂ ಕಡೆ ಒಂದೇ ಸಮ ತಿರುಗಿಸಿ, ಇಲ್ಲಾಂದ್ರೆ ಸ್ಟೀರಿಂಗ್ ಸೊಟ್ಟ ನಿಲ್ಲುತ್ತೆ. ತಿರುಗಿಸಿದ ಮೇಲೆ ಕಾರು ತಳ್ಳಿ, ಮತ್ತೆ ಅಳೆದು, ನಟ್ ಬಿಗಿ ಮಾಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ನುಗ್ಗಬೇಡಿ.

ಶುರು ಮಾಡೋಕೆ ಮುಂಚೆ ಮುಂದಿನ ಚಕ್ರ ಎತ್ತಿ, ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿ. ಟೈ ರಾಡ್ ಎಂಡ್ ಲೊಡಲೊಡ ಅಂತಿದ್ದರೆ ಅದನ್ನು ಬದಲಾಯಿಸದೆ ಯಾವ ಅಲೈನ್‌ಮೆಂಟೂ ನಿಲ್ಲಲ್ಲ, ಮಶೀನಿಂದು ಕೂಡ.

ಈಗ ನನ್ನ ಅಸಲಿ ತಕರಾರು. ನಾನು ಹೋಗಿದ್ದ ಒಂದು ಅಂಗಡಿಯಲ್ಲಿ "ಕ್ಯಾಂಬರ್ ಔಟ್ ಆಗಿದೆ ಸಾರ್, ವೀಲಿಗೆ ಇಷ್ಟು ಎಕ್ಸ್‌ಟ್ರಾ" ಅಂದರು. ಅಡ್ಜಸ್ಟ್ ಮಾಡೋ ಬೋಲ್ಟೇ ಇಲ್ಲದ ಕಾರಿಗೆ ಹೇಗೆ ಮಾಡ್ತೀರಿ ಅಂತ ಕೇಳಿದೆ. ಜ್ಯಾಕ್ ಕೊಟ್ಟು ಎಳೆದು ಬಗ್ಗಿಸ್ತಾರಂತೆ! ಕ್ಯಾಂಬರ್ ನಿಜವಾಗಲೂ ತಪ್ಪಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಅಂತ ಅರ್ಥ. ಅದನ್ನು ಹುಡುಕಿ ಬದಲಾಯಿಸಬೇಕು, ಇನ್ನೊಂದು ಸಲ ಬಗ್ಗಿಸೋದಲ್ಲ. ಬೇಡ ಅಂದೆ. ಪಕ್ಕದಲ್ಲಿದ್ದ ಕಾರಿನವರು ಬಾಯಿ ಮುಚ್ಕೊಂಡು ದುಡ್ಡು ಕೊಟ್ಟರು.

ಕಾರು ಎಡಕ್ಕೆ ಎಳೆಯುತ್ತೆ ಅನ್ನೋರ ಕಥೆಯೂ ಇದೇ. ಮಳೆ ನೀರು ಹರಿಯಲಿ ಅಂತ ರಸ್ತೆಯನ್ನೇ ಎಡಕ್ಕೆ ಇಳಿಜಾರು ಮಾಡಿರ್ತಾರೆ. ಒಂದು ಟೈರಲ್ಲಿ ಗಾಳಿ ಕಮ್ಮಿ ಇರಬಹುದು, ಬ್ರೇಕ್ ಹಿಡಿದಿರಬಹುದು, ಟೈರಿನದೇ ದೋಷ ಇರಬಹುದು. ಮುಂದಿನ ಎರಡು ಟೈರು ಅದಲುಬದಲು ಮಾಡಿದಾಗ ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದು (ಒಂದೇ ದಿಕ್ಕಿಗೆ ಉರುಳಬೇಕಾದ ಟೈರುಗಳಿಗೆ ಈ ಪರೀಕ್ಷೆ ಬೇಡ). ಇದ್ಯಾವುದನ್ನೂ ನೋಡದೆ ಸೀದಾ ಅಲೈನ್‌ಮೆಂಟಿಗೆ ಓಡ್ತೀವಿ.

ಮಶೀನು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನನ್ನ ಸ್ಕೇಲಿಗಿಂತ ಅದು ಸೂಕ್ಷ್ಮ, ಒಪ್ಪಿದೆ. ಆದರೆ ಅದು ನಿಂತ ಜಾಗ ಮಟ್ಟವಾಗಿರಬೇಕು, ಚಕ್ರಕ್ಕೆ ಕ್ಲಾಂಪ್ ಸರಿಯಾಗಿ ಕೂತಿರಬೇಕು, ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್ಲನ್ನೇ ಆರಿಸಿರಬೇಕು. ಬೇರೆ ಮಾಡೆಲ್ ಒತ್ತಿದರೆ ಬೇರೆ ಕಾರಿನ ಅಳತೆಗೆ ಎಲ್ಲ ಹಸಿರಾಗುತ್ತೆ! ದಿನವಿಡೀ ಇನ್ನೊಬ್ಬರ ಕೋಡಿನಲ್ಲಿ ಬಗ್ ಹುಡುಕೋ ನಾವು, ಮೊದಲಿನದೂ ಆಮೇಲಿನದೂ ಅಳತೆ ಇರೋ ಆ ಪ್ರಿಂಟ್‌ಔಟನ್ನು ಕೇಳೋದೂ ಇಲ್ಲ, ಕೊಟ್ಟರೆ ಓದೋದೂ ಇಲ್ಲ. ಅಲ್ಲಿ ಕೆಲಸ ಮಾಡೋ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳಲ್ಲ, ಅವರು ಹೇಳಲ್ಲ.

ಆಕ್ಸಿಡೆಂಟ್ ಆಗಿದ್ದರೆ, ಸಸ್ಪೆನ್ಷನ್ ಬದಲಾಯಿಸಿದ್ದರೆ, ಹಿಂದೆ ಮಲ್ಟಿ-ಲಿಂಕ್ ಇದ್ದರೆ ಮಶೀನಿಗೇ ಹೋಗಿ. ಲೇನ್ ಅಸಿಸ್ಟ್ ಇರೋ ಹೊಸ ಕಾರುಗಳಲ್ಲಿ ಸ್ಟೀರಿಂಗ್ ಸೆನ್ಸರ್, ಕ್ಯಾಮೆರಾ ಕೂಡ ಮತ್ತೆ ಹೊಂದಿಸಬೇಕಾಗಬಹುದು, ಅದು ದಾರದ ಕೆಲಸ ಅಲ್ಲ.

"ಕೆಲವು ನೂರು ರೂಪಾಯಿಗೆ ಭಾನುವಾರ ಯಾಕೆ ಹಾಳು ಮಾಡ್ಕೋಬೇಕು?" ಅಂತೀರಾ? ಬೇಡ, ರಾಡ್ ತಿರುಗಿಸಬೇಡಿ. ಒಂದೇ ಒಂದು ಸಲ ಅಳೆದು ನೋಡಿ. ಆಮೇಲೆ ಅಂಗಡಿಗೇ ಹೋದರೂ ನಿಮ್ಮ ನಂಬರ್ ನಿಮ್ಮ ಕೈಲಿರುತ್ತೆ, ಮಾತಾಡೋ ಧಾಟಿನೇ ಬೇರೆ ಆಗುತ್ತೆ. ಆಯುಧ ಪೂಜೆ ದಿನ ಕಾರು ತೊಳೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಭಕ್ತಿಯಿಂದ ಹತ್ತಿಸ್ತೀವಿ. ಆವತ್ತೊಂದು ದಿನ ಬಗ್ಗಿ ನೋಡೋ ಜಾಗ ಅದು. ಮಿಕ್ಕ ದಿನವೂ ಒಂದು ಸಲ ಸ್ಕೇಲು ಹಿಡ್ಕೊಂಡು ಬಗ್ಗಿದರೆ ನಮ್ಮ ಡಿಗ್ರಿಗೇನೂ ಅವಮಾನ ಆಗಲ್ಲ.

ಏನಂತೀರಿ? ಒಪ್ಪದವರು ಬೈಯಬಹುದು. ಆದರೆ ಮೊದಲು ಅಳೆದು, ನಂಬರ್ ಸಮೇತ ಬೈಯಿರಿ..