ಮೊದಲು ರೋಗಿ, ಆಮೇಲೆ ಪಾಠ

ನರ್ಸಿಂಗ್ ಓದುತ್ತಿರುವ ಮಗಳು "ಇವತ್ತು ಟ್ಯೂಟರ್ ಏನೂ ಹೇಳಿಕೊಡಲಿಲ್ಲ, ನಾವು ನಾವೇ ಮಾತಾಡಿದ್ವಿ" ಅಂದರೆ ನಿಮಗೆ ಥಟ್ಟನೆ ನೆನಪಾಗುವುದು ಕಟ್ಟಿದ ಫೀಸು. ಸ್ವಲ್ಪ ತಾಳಿ. ಅದು ಸಮಸ್ಯೆ ಹಿಡಿದು ಕಲಿಯುವ ಪದ್ಧತಿ, ಪಿಬಿಎಲ್. ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ತನ್ನ ಮೆಡಿಕಲ್ ಸ್ಕೂಲನ್ನು ಹೀಗೇ ಶುರುಮಾಡಿತು. ಆಮೇಲೆ ನರ್ಸಿಂಗಿಗೂ, ಬೇರೆ ದೇಶಗಳಿಗೂ ಹಬ್ಬಿತು.

ಏಳೆಂಟು ವಿದ್ಯಾರ್ಥಿಗಳು, ಒಬ್ಬ ಟ್ಯೂಟರ್, ಕಾಗದದ ಮೇಲೊಬ್ಬ ರೋಗಿ. ಉದಾಹರಣೆಗೆ, ಸೊಂಟದ ಕೀಲು ಬದಲಿಸಿಕೊಂಡು ಮೂರು ದಿನವಾದ 70 ವರ್ಷದ ಅಜ್ಜಿ. ಉಸಿರು ನಿಮಿಷಕ್ಕೆ 26, ನಾಡಿ 112, ಒಂದು ಕಾಲು ಊದಿದೆ. ಪಾಠ ಇನ್ನೂ ಆಗಿಲ್ಲ. ದೊಡ್ಡವರ ಉಸಿರು 12ರಿಂದ 20 ಇರಬೇಕು ಅನ್ನುವುದು ಒಬ್ಬಳಿಗೆ ಗೊತ್ತು. ನೋವಿಗೆ ಹೀಗಾಗಿರಬಹುದು ಅನ್ನುತ್ತಾನೆ ಇನ್ನೊಬ್ಬ. ರಕ್ತಸ್ರಾವವೆ? ನ್ಯುಮೋನಿಯಾವೆ? ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತೆ? ಗೊತ್ತಿಲ್ಲದ್ದನ್ನು ಬೋರ್ಡಿನ ಮೇಲೆ ಬರೆದು, ಹಂಚಿಕೊಂಡು, ಓದಿ ಬಂದು ಮತ್ತೆ ಕೂರುತ್ತಾರೆ. ವಾರ್ಡಿನಲ್ಲೂ ನರ್ಸ್ ಎದುರಿಸುವುದು ಇದನ್ನೇ: ಯಾವುದು ಅಪಾಯ, ಮೊದಲು ಏನು ನೋಡಬೇಕು, ಡಾಕ್ಟರನ್ನು ಈಗಲೇ ಕರೆಯಬೇಕೆ? ಯಾವ ರೋಗಿಯೂ 'ಅಧ್ಯಾಯ ನಾಲ್ಕು' ಅಂತ ಚೀಟಿ ಅಂಟಿಸಿಕೊಂಡು ಮಲಗಿರುವುದಿಲ್ಲ.

ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ವೈದ್ಯ ವಿದ್ಯಾರ್ಥಿಗಳ ಮೇಲಿನ ಅಧ್ಯಯನಗಳನ್ನು 1993ರಲ್ಲಿ ಒಟ್ಟಿಗೆ ಪರಿಶೀಲಿಸಿದ ಆಲ್ಬನೀಸ್ ಮತ್ತು ಮಿಚೆಲ್, ಹೀಗೆ ಕಲಿತವರು ರೋಗಿಯ ಮುಂದೆ ಉಳಿದವರಿಗೆ ಸಮ, ಕೆಲವೊಮ್ಮೆ ಮೇಲು ಎಂದರು. ಮೂಲವಿಜ್ಞಾನದ ಪರೀಕ್ಷೆಯಲ್ಲಿ ಮಾತ್ರ ಕೆಲವೆಡೆ ಹಿಂದೆ. ಅನಾಟಮಿ ಪುಸ್ತಕ ತಪ್ಪಿದ್ದಲ್ಲ.

ಈಗ ಆ ಅಜ್ಜಿ ಕನ್ನಡದವರು ಅಂದುಕೊಳ್ಳಿ. "ಎದೇಲಿ ಒಂಥರಾ ಆಗ್ತಿದೆ ಕಣಮ್ಮ" ಅನ್ನುತ್ತಾರೆ. ನೋವೆ, ಸಂಕಟವೆ, ಭಯವೆ? ಇಂಗ್ಲಿಷಿಗೆ ಹಾಕುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. ಕನ್ನಡ ಬಲ್ಲವಳಾದರೆ "ಹಿಂಡಿದ ಹಾಗಾ ಅಜ್ಜಿ, ಚುಚ್ಚಿದ ಹಾಗಾ? ಉಸಿರು ಎಳೆದಾಗ ಜಾಸ್ತಿನಾ?" ಅಂತ ಕೇಳುತ್ತಾಳೆ. ಎಳೆದಾಗ ಚುಚ್ಚುತ್ತದೆ ಅನ್ನುವ ಉತ್ತರ ಶ್ವಾಸಕೋಶದ ಕಡೆ ಬೆರಳು ತೋರಿಸಬಹುದು. (ಆಪರೇಷನ್ನಿನ ಒಪ್ಪಿಗೆಯಂಥ ವಿಷಯಕ್ಕೆ ಆಸ್ಪತ್ರೆಯ ದುಭಾಷಿಯೇ ಬೇಕು, ಅದು ಬೇರೆ.)

ಸುಸ್ತು, ಸಂಕಟ, ತಲೆಸುತ್ತು, ಸೆಳೆತ, ಜುಮ್ಮೆನ್ನುವುದು: ಈ ಮಾತುಗಳು ಭಾನುವಾರದ ಕನ್ನಡ ಶಾಲೆಯಲ್ಲಿ ಸಿಗುವುದು ಕಷ್ಟ. ಮಗು ಹೊಟ್ಟೆನೋವು ಅಂತ ಬಂದಾಗ ಎಲ್ಲಿ, ಯಾವಾಗಿಂದ, ಹೇಗೆ ಎಂದು ಕನ್ನಡದಲ್ಲೇ ಕೇಳಿ. ಉತ್ತರಕ್ಕೆ ತಡವರಿಸಿದರೆ ಕಾಯಿರಿ, ನೀವೇ ತುಂಬಿಕೊಡಬೇಡಿ.